ಓಡಲು ಹೆದರಿದ ಚಿಗಿರಿ

ನಿಮ್ಮ ಮನೆಯಲ್ಲಿ ಏಳನೆಯದೋ ಒಂಬತ್ತನೆಯದೋ ಓದುವ, ಸಂಜೆಯಾದರೆ ಚೆಂಡು ಹಿಡಿದು ಬಯಲಿಗೆ ಓಡುವ ಮಗುವಿದೆಯೇ? ಹಾಗಿದ್ದರೆ ಒಮ್ಮೆ ಕೇಳಿ ನೋಡಿ: ‘ಚಿಗಿರಿ ಯಾರು, ಗೊತ್ತಾ?’ ಗೊತ್ತಿದ್ದರೆ ಮುಂದಿನ ಅರ್ಧ ಗಂಟೆ ನೀವು ಕೇಳುತ್ತ ಕೂರಬೇಕಾದೀತು. ಉದ್ದ ಕೆಂಪು ಕೂದಲು, ಗಾಳಿಯಂಥ ಓಟ, ಮಂಡಿಗೆ ಬಿದ್ದ ಪೆಟ್ಟು ಎಲ್ಲವೂ ಆ ಮಾತಿನಲ್ಲಿ ಬರುತ್ತವೆ.

ಜತ್, ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ ಓದುಗರಿಗೆ ಈ ಹೆಸರು ಕೇಳಿದೊಡನೆ ಜಿಂಕೆಯ ನೆನಪಾದರೆ ತಪ್ಪಿಲ್ಲ. ಉತ್ತರದ ಆಡುಮಾತಿನಲ್ಲಿ ಚಿಗರಿ ಎಂದರೆ ಜಿಂಕೆ. ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸಿಗೂ ಅದೇ ಹೆಸರಿಟ್ಟಿದ್ದಾರೆ. ಜಪಾನಿನ ಚಿಗಿರಿಗೂ ನಮ್ಮ ಚಿಗರಿಗೂ ನಂಟೇನೂ ಇಲ್ಲ, ಹೆಸರು ಹೋಲಿದ್ದು ಆಕಸ್ಮಿಕ. ಆದರೂ ಒಂದು ಮಾತು ಇಬ್ಬರಿಗೂ ಸಲ್ಲುತ್ತದೆ: ಓಟವೇ ಅವರ ಬಲ.

ಚಿಗಿರಿ ಹ್ಯೋಮಾ ನಿಜವಾದ ಹುಡುಗನಲ್ಲ. ‘ಬ್ಲೂ ಲಾಕ್’ ಎಂಬ ಜಪಾನಿ ಚಿತ್ರಕಥೆಯ ಪಾತ್ರ. ಆದರೆ ಅವನಿಗೆ ಆದದ್ದು ನಿಜವಾದ ಮಕ್ಕಳಿಗೂ ಆಗುತ್ತದೆ. ಕಾಸರಗೋಡಿನ ಕೊಯ್ಲಾದ ಗದ್ದೆಯಲ್ಲಿ ಸೆವೆನ್ಸ್ ಆಡುವ ಹುಡುಗನಿಗೂ ಆಗಬಹುದು, ಜತ್ತಿನ ಶಾಲೆಯ ಕಬಡ್ಡಿ ಅಂಕಣದಲ್ಲಿ ದಾಳಿಗೆ ಹೋದ ಹುಡುಗಿಗೂ ಆಗಬಹುದು. ಹಾಗೆ ಆದಾಗ ಹೆತ್ತವರಾದ ನಾವು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತೇವೆ. ‘ಇನ್ನು ಆಟದ ಹೆಸರೆತ್ತಬೇಡ’ ಎನ್ನುತ್ತೇವೆ, ಇಲ್ಲವೇ ‘ಏನೂ ಆಗಿಲ್ಲ, ಎದ್ದು ಓಡು’ ಎನ್ನುತ್ತೇವೆ. ಈ ಎರಡೂ ಮಾತುಗಳು ಮಗುವಿಗೆ ಏನು ಮಾಡುತ್ತವೆ ಎಂಬುದನ್ನು ಚಿಗಿರಿಯ ಕಥೆಯಲ್ಲಿ ಕಾಣಬಹುದು. ಅದಕ್ಕಾಗಿಯೇ ಅವನ ಪರಿಚಯ.

ಮುನ್ನೂರು ಹುಡುಗರ ಕಥೆ

ಜಪಾನಿನಲ್ಲಿ ಚಿತ್ರಕಥೆಗೆ ಮಾಂಗಾ ಎನ್ನುತ್ತಾರೆ. ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದು ಆಮೇಲೆ ಪುಸ್ತಕವಾಗುತ್ತದೆ. ‘ಬ್ಲೂ ಲಾಕ್’ ಕಥೆ ಬರೆದವರು ಮುನೆಯುಕಿ ಕನೆಶಿರೊ, ಚಿತ್ರ ಬರೆದವರು ಯೂಸುಕೆ ನೊಮುರಾ. ಕೊದಾನ್‌ಶಾ ಸಂಸ್ಥೆಯ ‘ವೀಕ್ಲಿ ಶೋನೆನ್ ಮ್ಯಾಗಜೀನ್’ನಲ್ಲಿ 2018ರ ಆಗಸ್ಟ್‌ನಲ್ಲಿ ಶುರುವಾಯಿತು. 2021ರಲ್ಲಿ ಅದೇ ಸಂಸ್ಥೆಯ ಹೆಸರಾಂತ ಮಾಂಗಾ ಪ್ರಶಸ್ತಿ ಬಂತು. 2022ರ ಅಕ್ಟೋಬರ್‌ನಲ್ಲಿ ಅನಿಮೆ, ಅಂದರೆ ಕಾರ್ಟೂನ್ ಸರಣಿಯಾಗಿ ಟಿ.ವಿ.ಗೆ ಬಂತು. ನಿಮ್ಮ ಮಕ್ಕಳು ಮೊಬೈಲಿನಲ್ಲಿ ನೋಡುವುದು ಹೆಚ್ಚಾಗಿ ಇದನ್ನೇ.

ಕಥೆ ಹುಟ್ಟುವುದು ಒಂದು ನಿಜವಾದ ಸೋಲಿನಿಂದ. 2018ರ ವಿಶ್ವಕಪ್‌ನಲ್ಲಿ ಜಪಾನ್ ಬೆಲ್ಜಿಯಂ ವಿರುದ್ಧ ಎರಡು ಗೋಲು ಮುಂದಿದ್ದೂ 2–3ರಿಂದ ಸೋತು ಮನೆಗೆ ಮರಳಿತು. ಕಥೆಯಲ್ಲಿ ಫುಟ್‌ಬಾಲ್ ಮಂಡಳಿ ಎಗೊ ಜಿನ್‌ಪಾಚಿ ಎಂಬ ವಿಚಿತ್ರ ತರಬೇತುದಾರನನ್ನು ಕರೆಸುತ್ತದೆ. ಜಪಾನಿಗೆ ಗೋಲು ಹೊಡೆಯುವ ಹಸಿವಿಲ್ಲ ಎಂಬುದು ಅವನ ವಾದ. ದೇಶದ ಹೈಸ್ಕೂಲುಗಳಿಂದ 300 ಮಂದಿ ಮುಂಚೂಣಿ ಆಟಗಾರರನ್ನು ಆರಿಸಿ ಒಂದು ಮುಚ್ಚಿದ ಕಟ್ಟಡದಲ್ಲಿ ಕೂಡಿಹಾಕುತ್ತಾನೆ. ಕೊನೆಗೆ ಉಳಿಯುವವನು ಒಬ್ಬನೇ. ಸೋತು ಹೊರಬಿದ್ದವರು ದೇಶದ ತಂಡಕ್ಕೆ ಆಡುವ ಹಕ್ಕನ್ನೇ ಕಳೆದುಕೊಳ್ಳುತ್ತಾರೆ. ಕಥಾನಾಯಕ ಇಸಾಗಿ ಯೊಯಿಚಿ ಆ ಮುನ್ನೂರರಲ್ಲಿ ಒಬ್ಬ. ಅವನ ತಂಡದಲ್ಲೇ ಕಾಗೊಶಿಮಾದಿಂದ ಬಂದ ಚಿಗಿರಿ ಇದ್ದಾನೆ.

ಚಿಗಿರಿ ಅಂಚಿನ ಆಟಗಾರ, ವಿಂಗರ್. ಫುಟ್‌ಬಾಲ್ ಹೆಚ್ಚು ನೋಡದವರಿಗಾಗಿ ಹೇಳುವುದಾದರೆ, ಮೈದಾನದ ಉದ್ದದ ಗೆರೆಯ ಪಕ್ಕದಲ್ಲಿ ಓಡಾಡುವವನು ವಿಂಗರ್. ನಡುವೆ ಹತ್ತಾರು ಕಾಲುಗಳು ಗಿಜಿಗುಡುತ್ತಿರುವಾಗ ಅಂಚಿನಲ್ಲಿ ಸ್ವಲ್ಪ ಜಾಗ ಇರುತ್ತದೆ. ಅಲ್ಲಿ ಚೆಂಡು ಹಿಡಿದು, ಎದುರಿನವನನ್ನು ಓಟದಿಂದಲೋ ತಿರುವಿನಿಂದಲೋ ದಾಟಿ, ಗೋಲಿನ ಕಡೆ ನುಗ್ಗುವುದು ಅವನ ಕೆಲಸ. ಹೀಗಾಗಿ ವಿಂಗರ್‌ಗೆ ಬೇಕಾದದ್ದು ಎರಡು: ಥಟ್ಟನೆ ವೇಗ ಹಿಡಿಯುವುದು, ಥಟ್ಟನೆ ನಿಂತು ದಿಕ್ಕು ಬದಲಿಸುವುದು. ಈ ಎರಡರಲ್ಲೂ ಭಾರವೆಲ್ಲ ಬೀಳುವುದು ಮಂಡಿಯ ಮೇಲೆ.

ಆಟ ಬಿಡಲು ನೆಪ ಹುಡುಕಿ ಬಂದವನು

ಊರಿನ ಶಾಲೆಯಲ್ಲಿ ಚಿಗಿರಿ ದೊಡ್ಡ ಹೆಸರು ಮಾಡಿದ್ದ. ಅವನನ್ನು ಹಿಡಿಯುವವರೇ ಇರಲಿಲ್ಲ. ತಂಡ ಅವನ ಓಟದ ಸುತ್ತಲೇ ಕಟ್ಟಿದ್ದಾಗಿತ್ತು. ಸ್ವಲ್ಪ ಗರ್ವವೂ ಇತ್ತು. ಅದೇ ಶಾಲೆಯ ವಾನಿಮಾ ಎಂಬ ಅವಳಿ ಸಹೋದರರಿಗೆ ಇವನನ್ನು ಕಂಡರೆ ಹೊಟ್ಟೆಕಿಚ್ಚು. ಒಂದು ದಿನ ಆಡುತ್ತಿರುವಾಗಲೇ ಅವನ ಮಂಡಿಯೊಳಗಿನ ಲಿಗಮೆಂಟ್ ಹರಿಯಿತು. ಚಿಕಿತ್ಸೆಯಾಯಿತು, ಕಾಲು ಗುಣವಾಯಿತು. ಆದರೆ ವೈದ್ಯರು ಹೇಳಿದ ಒಂದು ಮಾತು ಅವನೊಳಗೆ ಉಳಿಯಿತು: ಇನ್ನೊಮ್ಮೆ ಹರಿದರೆ ಆಟ ಮುಗಿದಂತೆಯೇ.

ಅಂದಿನಿಂದ ಅವನು ಪೂರ್ತಿ ಓಡುವುದನ್ನೇ ಬಿಟ್ಟ. ಬ್ಲೂ ಲಾಕ್‌ಗೆ ಬಂದಮೇಲೂ ಮೊದಲ ಪಂದ್ಯಗಳಲ್ಲಿ ಮೈದಾನದಲ್ಲಿದ್ದೂ ಇಲ್ಲದವನಂತೆ ಇರುತ್ತಾನೆ. ಚೆಂಡು ಬಂದರೆ ಪಕ್ಕದವನಿಗೆ ಕೊಡುತ್ತಾನೆ. ಜತೆಗಾರರಿಗೆ ಇವನು ಸೋಮಾರಿಯೋ ಅಹಂಕಾರಿಯೋ ತಿಳಿಯುವುದಿಲ್ಲ. ಇಸಾಗಿ ಕೊನೆಗೆ ಕೇಳಿಯೇ ಬಿಡುತ್ತಾನೆ. ಆಗ ಚಿಗಿರಿ ಕೊಡುವ ಉತ್ತರವನ್ನು ಹೆತ್ತವರು ಗಮನವಿಟ್ಟು ಕೇಳಬೇಕು. ತಾನು ಇಲ್ಲಿಗೆ ಗೆಲ್ಲಲು ಬಂದಿಲ್ಲ, ಆಟ ಬಿಡುವುದಕ್ಕೆ ಒಂದು ಕಾರಣ ಹುಡುಕಿಕೊಂಡು ಬಂದಿದ್ದೇನೆ ಎನ್ನುತ್ತಾನೆ ಅವನು. ಇಷ್ಟು ಮಂದಿ ಒಳ್ಳೆಯ ಆಟಗಾರರ ನಡುವೆ ಸೋತುಹೋದರೆ ‘ಕಾಲಿನಿಂದಾಗಿ ಬಿಟ್ಟೆ’ ಅನ್ನಬೇಕಿಲ್ಲ. ‘ನನಗೆ ಅಷ್ಟು ಶಕ್ತಿ ಇರಲಿಲ್ಲ’ ಎಂದು ಸಮಾಧಾನ ಮಾಡಿಕೊಳ್ಳಬಹುದು.

ಒಬ್ಬ ಹದಿಹರೆಯದವನ ಮನಸ್ಸು ಹೀಗೆಲ್ಲ ಯೋಚಿಸುತ್ತದೆಯೇ ಎಂದು ನಿಮಗೆ ಅನ್ನಿಸಬಹುದು. ಯೋಚಿಸುತ್ತದೆ. ಆಟದಲ್ಲಿ ಮಾತ್ರವಲ್ಲ. ಗಣಿತದಲ್ಲಿ ಒಮ್ಮೆ ಅವಮಾನವಾದ ಮಗು ಆಮೇಲೆ ಪುಸ್ತಕ ತೆರೆಯದೆಯೇ ಪರೀಕ್ಷೆಗೆ ಹೋಗುವುದುಂಟು. ಓದಿಯೂ ನಪಾಸಾದರೆ ಎಂಬ ಹೆದರಿಕೆಗಿಂತ ‘ಓದಲಿಲ್ಲ, ಅದಕ್ಕೇ ಹೋಯಿತು’ ಎಂಬ ನೆಪ ಸುಲಭ. ಹೊರಗಿನಿಂದ ನೋಡುವವರಿಗೆ ಅದು ಸೋಮಾರಿತನವಾಗಿಯೇ ಕಾಣುತ್ತದೆ.

ಮುಂದಿನ ಪಂದ್ಯದಲ್ಲಿ ಎದುರು ತಂಡದಲ್ಲಿರುವವರು ಆ ವಾನಿಮಾ ಅವಳಿಗಳೇ. ಹಳೆಯ ಗಾಯವನ್ನು ಕೆದಕಿ ಅಣಕಿಸುತ್ತಾರೆ. ಸಾಲದ್ದಕ್ಕೆ ಚಿಗಿರಿಯ ತಂಡದವನೇ ಒಬ್ಬ ಎದುರಾಳಿಗಳ ಜತೆ ಸೇರಿಕೊಂಡಿದ್ದಾನೆ. ಸೋಲು ಕಣ್ಣೆದುರಿಗಿದೆ. ಹಾಗಿದ್ದೂ ಇಸಾಗಿ ಓಡುವುದನ್ನು ನಿಲ್ಲಿಸುವುದಿಲ್ಲ. ಅದನ್ನು ನೋಡುತ್ತ ನಿಂತ ಚಿಗಿರಿಗೆ ಒಂದು ಸತ್ಯ ಹೊಳೆಯುತ್ತದೆ: ಕಾಲು ಮತ್ತೆ ಹರಿಯುವ ಭಯಕ್ಕಿಂತ ಓಡದೆಯೇ ಉಳಿದುಬಿಡುವ ಸಂಕಟ ದೊಡ್ಡದು. ಚೆಂಡನ್ನು ಎದುರಾಳಿಗಳ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ತಾನೇ ದೂರ ಒದ್ದು, ಎಲ್ಲರನ್ನೂ ದಾಟಿ ತಾನೇ ಓಡಿ ಹಿಡಿದು, ಗೋಲು ಹೊಡೆಯುತ್ತಾನೆ. ಪಂದ್ಯ ಸಮಬಲದಲ್ಲಿ ಮುಗಿಯುತ್ತದೆ. ಚಿಗಿರಿ ಮತ್ತೆ ಆಟಗಾರನಾಗುತ್ತಾನೆ. ಕಥೆ ಮುಂದೆ ಬೆಳೆದಾಗ ಇಂಗ್ಲೆಂಡಿನ ಮ್ಯಾನ್‌ಶೈನ್ ಸಿಟಿ ಎಂಬ ಕಾಲ್ಪನಿಕ ಕ್ಲಬ್ಬಿನ ತಂಡದವರೆಗೂ ಹೋಗುತ್ತಾನೆ.

ಮಕ್ಕಳಿಗೆ ಇಷ್ಟವಾಗುವುದು ಈ ಓಟ, ಈ ಗೋಲು. ಅದು ಸಹಜ. ಆದರೆ ಕಥೆಯಲ್ಲಿ ಕೆಲವೇ ಪುಟಗಳಲ್ಲಿ ಮುಗಿಯುವ ದಾರಿಯನ್ನು ನಿಜಜೀವನದಲ್ಲಿ ತಿಂಗಳುಗಟ್ಟಲೆ ನಡೆಯಬೇಕು. ಆ ದಾರಿಯನ್ನು ನೀವು ತಿಳಿದಿರಬೇಕು.

ಮಂಡಿಯೊಳಗೆ ಆಗುವುದೇನು?

ತೊಡೆಯ ಎಲುಬು ಮತ್ತು ಕೆಳಗಾಲಿನ ಎಲುಬು ಮಂಡಿಯಲ್ಲಿ ಸೇರುತ್ತವೆ. ಅವನ್ನು ಒಳಗಿನಿಂದ ಅಡ್ಡಡ್ಡ ಕಟ್ಟಿ ಹಿಡಿದಿರುವ ಎರಡು ಗಟ್ಟಿ ಪಟ್ಟಿಗಳಿವೆ. ಮುಂದಿನದನ್ನು ವೈದ್ಯರು ಎಸಿಎಲ್ ಎನ್ನುತ್ತಾರೆ. ಕೆಳಗಾಲು ಮುಂದಕ್ಕೆ ಜಾರದಂತೆ, ಮಂಡಿ ತಿರುಚಿಕೊಳ್ಳದಂತೆ ಹಿಡಿಯುವುದು ಅದರ ಕೆಲಸ. ಇದು ಹರಿಯಲು ಯಾರೋ ಬಂದು ಗುದ್ದಲೇಬೇಕೆಂದಿಲ್ಲ. ಓಡುತ್ತಿದ್ದವನು ಥಟ್ಟನೆ ನಿಂತಾಗ, ಪಾದ ನೆಲಕ್ಕೆ ಊರಿದ್ದು ಮೈ ತಿರುಗಿದಾಗ, ಹಾರಿ ಇಳಿಯುವಾಗ ಮಂಡಿ ಒಳಕ್ಕೆ ಬಾಗಿದಾಗ ತಾನಾಗಿಯೇ ಹರಿಯುವುದೇ ಹೆಚ್ಚು. ಫುಟ್‌ಬಾಲ್, ಕಬಡ್ಡಿ, ಬ್ಯಾಸ್ಕೆಟ್‌ಬಾಲ್ ಎಲ್ಲದರಲ್ಲೂ ಈ ಅಪಾಯವಿದೆ. ಒಂದೇ ಆಟ ಆಡುವ ಹುಡುಗರಿಗಿಂತ ಹುಡುಗಿಯರಿಗೆ ಅಪಾಯ ಹೆಚ್ಚು.

ಗುರುತುಗಳನ್ನು ನೆನಪಿಡಿ. ಪೆಟ್ಟಾದ ಗಳಿಗೆಯಲ್ಲಿ ಮಂಡಿಯೊಳಗೆ ‘ಟಪ್’ ಎಂದಂತೆ ಮಗುವಿಗೆ ಅನ್ನಿಸುತ್ತದೆ. ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಳ್ಳುತ್ತದೆ. ಎದ್ದು ನಡೆದರೆ ಕಾಲು ಕೈಕೊಟ್ಟಂತೆ ಜಾರುತ್ತದೆ. ಇವುಗಳಲ್ಲಿ ಯಾವುದು ಕಂಡರೂ ಆಟ ಅಲ್ಲಿಗೇ ನಿಲ್ಲಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ, ಕಾಲನ್ನು ದಿಂಬಿನ ಮೇಲೆ ಎತ್ತಿಡಿ, ಮೂಳೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಊದಿದ ಮಂಡಿಯನ್ನು ಎಳೆಯುವುದು, ತಿರುಪುವುದು, ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕುವುದು ಬೇಡ. ಕೆಲವು ವಾರಗಳಲ್ಲಿ ಊತ ಇಳಿದು ಮಗು ಸಲೀಸಾಗಿ ನಡೆಯಬಹುದು. ಅಷ್ಟಕ್ಕೇ ಗುಣವಾಯಿತು ಎಂದು ತಿಳಿಯುವುದು ಅಪಾಯ. ನೇರ ನಡೆಯಲು ಆ ಪಟ್ಟಿ ಹೆಚ್ಚು ಬೇಕಾಗುವುದಿಲ್ಲ, ತಿರುಗಲು ಬೇಕು. ಹರಿದ ಮಂಡಿಯಲ್ಲೇ ಆಡಿದರೆ ಒಳಗಿನ ಮೆತ್ತೆಯೂ ಹಾಳಾಗುತ್ತದೆ.

ಹರಿದವರೆಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆಂದಿಲ್ಲ. ಬೇಕೋ ಬೇಡವೋ ಎಂಬುದನ್ನು ಎಂಆರ್‌ಐ ನೋಡಿ, ಮಗುವಿನ ವಯಸ್ಸು, ಆಟ ಎರಡನ್ನೂ ಲೆಕ್ಕ ಹಾಕಿ ವೈದ್ಯರು ಹೇಳುತ್ತಾರೆ. ಬೆಳೆಯುವ ಮಕ್ಕಳಲ್ಲಿ ಎಲುಬು ಉದ್ದವಾಗುವ ಜಾಗ ಮಂಡಿಯ ಹತ್ತಿರವೇ ಇರುತ್ತದೆ. ಆದ್ದರಿಂದ ಮಕ್ಕಳ ಮಂಡಿಗೆ ಚಿಕಿತ್ಸೆ ಮಾಡಿ ಅನುಭವವಿರುವವರನ್ನೇ ಕೇಳುವುದು ಒಳ್ಳೆಯದು.

ಶಸ್ತ್ರಚಿಕಿತ್ಸೆ ಆದರೆ ಮರಳಿ ಪಂದ್ಯ ಆಡಲು ಕನಿಷ್ಠ 9 ತಿಂಗಳು ಎಂದು ಲೆಕ್ಕವಿಡಿ. ಅದಕ್ಕಿಂತ ಮೊದಲು ಇಳಿದವರಿಗೆ ಮತ್ತೆ ಹರಿಯುವ ಸಂಭವ ಹೆಚ್ಚು. ತಿಂಗಳ ಲೆಕ್ಕವೊಂದೇ ಸಾಲದು. ಪೆಟ್ಟಾದ ಕಾಲಿನ ಬಲ ಇನ್ನೊಂದು ಕಾಲಿನ ಬಲಕ್ಕೆ ಹತ್ತಿರವಾಗಿರಬೇಕು, ಒಂಟಿ ಕಾಲಿನಲ್ಲಿ ಕುಪ್ಪಳಿಸಿ ಸ್ಥಿರವಾಗಿ ಇಳಿಯಲು ಬರಬೇಕು. ಫಿಸಿಯೊಥೆರಪಿಸ್ಟರು ಇವನ್ನು ಪರೀಕ್ಷಿಸಿಯೇ ಒಪ್ಪಿಗೆ ಕೊಡುತ್ತಾರೆ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಈ ಪೆಟ್ಟಿನ ಬಳಿಕ ಆಟಕ್ಕೆ ಮರಳುವ ಎಳೆಯರಲ್ಲಿ ಸುಮಾರು ನಾಲ್ಕೈದು ಮಂದಿಯಲ್ಲಿ ಒಬ್ಬರಿಗೆ ಅದೇ ಮಂಡಿಯಲ್ಲೋ ಇನ್ನೊಂದು ಮಂಡಿಯಲ್ಲೋ ಮತ್ತೆ ಹರಿಯುತ್ತದೆ. ಚಿಗಿರಿಯ ಭಯಕ್ಕೆ ಆಧಾರವಿಲ್ಲ ಎನ್ನುವಂತಿಲ್ಲ. ಆದರೆ ಅದೇ ಲೆಕ್ಕವನ್ನು ತಿರುಗಿಸಿ ಓದಿದರೆ ಹೆಚ್ಚಿನವರಿಗೆ ಮತ್ತೆ ಹರಿಯುವುದಿಲ್ಲ ಎಂದೂ ಆಗುತ್ತದೆ. ಮಗುವಿಗೆ ಈ ಎರಡೂ ಮಾತು ಗೊತ್ತಿರಬೇಕು.

ಭಯಕ್ಕೂ ಮದ್ದು ಬೇಕು

ಮಂಡಿ ಗುಣವಾದರೂ ಆಟಕ್ಕೆ ಮರಳದವರು ಬಹಳ ಮಂದಿ. ಏಕೆ ಎಂದು ಕೇಳಿದರೆ ಮುಖ್ಯವಾಗಿ ಬರುವ ಉತ್ತರಗಳಲ್ಲಿ ಒಂದು: ಮತ್ತೆ ಪೆಟ್ಟಾದೀತೆಂಬ ಹೆದರಿಕೆ. ಕ್ರೀಡಾ ವೈದ್ಯರು ಇಂದು ಇದನ್ನೂ ಚಿಕಿತ್ಸೆಯ ಭಾಗವಾಗಿಯೇ ನೋಡುತ್ತಾರೆ. ಕಾಲಿನ ಬಲ ಅಳೆಯುವಂತೆಯೇ ಮನಸ್ಸಿನ ಸಿದ್ಧತೆಯನ್ನೂ ಪ್ರಶ್ನೆ ಕೇಳಿ ಅಳೆಯುತ್ತಾರೆ.

ಮನೆಯಲ್ಲಿ ಇದನ್ನು ಮಾಡಬಲ್ಲವರು ನೀವೇ. ಚಿಗಿರಿಯ ಕಥೆಯಲ್ಲಿ ಗಮನಿಸಿ: ಅವನ ಭಯದ ಬಗ್ಗೆ ಇಸಾಗಿ ಕೇಳುವವರೆಗೂ ಅವನು ಬಾಯಿ ಬಿಟ್ಟಿರುವುದಿಲ್ಲ. ಕೇಳಿದ ಮೇಲೆ ಇಸಾಗಿ ಉಪದೇಶ ಮಾಡುವುದಿಲ್ಲ, ‘ಹೆದರಬೇಡ’ ಎಂದೂ ಹೇಳುವುದಿಲ್ಲ. ತನ್ನ ಪಾಡಿಗೆ ತಾನು ಓಡುತ್ತಾನೆ, ಅಷ್ಟೇ. ಹೆದರಿದ ಮಗುವಿಗೆ ‘ಹೆದರಬೇಡ’ ಎಂದರೆ ಅದು ಹೆದರಿಕೆಯನ್ನು ಅಡಗಿಸಿಡುವುದನ್ನು ಕಲಿಯುತ್ತದೆ. ‘ಯಾವುದಕ್ಕೆ ಹೆಚ್ಚು ಹೆದರಿಕೆ? ತಿರುಗುವುದಕ್ಕೋ, ಹಾರುವುದಕ್ಕೋ, ಯಾರಾದರೂ ಬಂದು ತಾಗುವುದಕ್ಕೋ?’ ಎಂದು ಕೇಳಿದರೆ ಹೆದರಿಕೆ ಚಿಕ್ಕಚಿಕ್ಕ ಭಾಗಗಳಾಗುತ್ತದೆ. ಫಿಸಿಯೊಥೆರಪಿಸ್ಟರು ಅವನ್ನು ಒಂದೊಂದಾಗಿ ಅಭ್ಯಾಸ ಮಾಡಿಸಬಹುದು.

ಗಡಿಯಾಚೆಯ ನಮ್ಮ ಮಕ್ಕಳಿಗೆ ಇಲ್ಲಿ ಒಂದು ವಿಶೇಷ ತೊಡಕೂ ಇದೆ. ತಾಳವಾಡಿಯ ಮಗು ತಮಿಳು ಮಾತಾಡುವ ವೈದ್ಯರ ಮುಂದೆ, ಆದೋನಿಯದು ತೆಲುಗಿನವರ ಮುಂದೆ, ಕಾಸರಗೋಡು ವಯನಾಡಿನದು ಮಲಯಾಳದವರ ಮುಂದೆ ಕೂರುತ್ತದೆ. ಅಂಗಡಿ, ಬಸ್ಸಿಗೆ ಬೇಕಾದಷ್ಟು ಆ ಭಾಷೆ ನಮ್ಮ ಮಕ್ಕಳಿಗೆ ಬರುತ್ತದೆ, ಅನೇಕರಿಗೆ ಚೆನ್ನಾಗಿಯೇ ಬರುತ್ತದೆ. ಆದರೆ ನೋವಿನ ಮಾತು ಬರುವುದು ಮನೆಯ ನುಡಿಯಲ್ಲಿ, ಅದು ಕನ್ನಡವೋ ತುಳುವೋ ಕೊಂಕಣಿಯೋ ಇರಲಿ. ಚುಚ್ಚುತ್ತದೆ, ಸೆಳೆಯುತ್ತದೆ, ಉರಿಯುತ್ತದೆ, ಜೋಮು ಹಿಡಿಯುತ್ತದೆ, ಬಿಗಿಯುತ್ತದೆ, ಜಾರಿದಂತಾಗುತ್ತದೆ: ಇವೆಲ್ಲ ಬೇರೆ ಬೇರೆ ನೋವುಗಳು. ವೈದ್ಯರಿಗೆ ಒಂದೊಂದೂ ಒಂದೊಂದು ಸುಳಿವು. ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿ ಮಗುವಿನ ಜತೆ ಕುಳಿತು ಅದರ ಮಾತಿನಲ್ಲೇ ಬರೆಸಿ: ಯಾವಾಗ, ಹೇಗೆ ಬಿದ್ದೆ, ಸದ್ದು ಕೇಳಿತೇ, ಎಷ್ಟು ಹೊತ್ತಿಗೆ ಊದಿತು, ಈಗ ಯಾವ ನೋವು, ಮೆಟ್ಟಿಲು ಇಳಿಯುವಾಗಲೋ ಹತ್ತುವಾಗಲೋ. ಆಮೇಲೆ ಅದನ್ನು ವೈದ್ಯರ ಭಾಷೆಗೆ ತಿಳಿಸುವ ಕೆಲಸ ನಿಮ್ಮದು. ‘ಕಾಲು ನೋವು’ ಎಂಬ ಎರಡು ಪದಕ್ಕಿಂತ ಈ ಒಂದು ಪುಟದ ಉಪಯೋಗ ದೊಡ್ಡದು.

ಶಾಲೆಗೂ ತಿಳಿಸಿ. ನೆಲದ ಮೇಲೆ ಚಕ್ಕಳಮಕ್ಕಳ ಕೂರಲಾಗದು, ಕುಕ್ಕರುಗಾಲಿನ ಶೌಚಾಲಯ ಕಷ್ಟ, ಮಹಡಿಯ ಮೆಟ್ಟಿಲು ಕಷ್ಟ. ತರಗತಿ ಕೆಳಗಿನ ಮಹಡಿಯಲ್ಲಿದ್ದರೆ, ಕುರ್ಚಿಯೊಂದು ಸಿಕ್ಕರೆ ಮಗು ಪಾಠ ತಪ್ಪಿಸಿಕೊಳ್ಳುವುದಿಲ್ಲ. ಆಟದ ಪಿರಿಯಡ್‌ನಲ್ಲಿ ಅದನ್ನು ತರಗತಿಯಲ್ಲಿ ಒಂಟಿಯಾಗಿ ಕೂರಿಸಬೇಡಿ ಎಂದು ಪಿ.ಇ. ಮಾಸ್ಟರಿಗೆ ಹೇಳಿ. ಅಂಕ ಬರೆಯಲಿ, ಸಮಯ ನೋಡಲಿ, ಸೀಟಿ ಊದಲಿ. ಒಂಬತ್ತು ತಿಂಗಳು ಮಗುವಿನ ವಯಸ್ಸಿಗೆ ಬಹಳ ದೊಡ್ಡ ಕಾಲ. ಅಷ್ಟೂ ದಿನ ಗೆಳೆಯರ ಗುಂಪಿನಿಂದ ಹೊರಗುಳಿದ ಮಗುವಿಗೆ ಮರಳಿ ಒಳಬರುವುದು ಮಂಡಿ ಮಡಚುವುದಕ್ಕಿಂತ ಕಷ್ಟವಾದೀತು.

ಮರಳಿ ಬಂದವರ ನಿಜವಾದ ಹೆಸರುಗಳೂ ಮಗುವಿಗೆ ತಿಳಿಯಲಿ. ಫ್ರಾನ್ಸಿನ ವಿಂಗರ್ ರೊಬೇರ್ ಪಿರೆಸ್‌ಗೆ 2002ರ ಮಾರ್ಚ್‌ನಲ್ಲಿ ಇದೇ ಪಟ್ಟಿ ಹರಿಯಿತು. ಆ ವರ್ಷದ ವಿಶ್ವಕಪ್ ಕೈತಪ್ಪಿತು. ಎರಡು ವರ್ಷಗಳ ಬಳಿಕ, 2003–04ರ ಇಂಗ್ಲಿಷ್ ಲೀಗಿನಲ್ಲಿ ಒಂದೂ ಪಂದ್ಯ ಸೋಲದ ಆರ್ಸೆನಲ್ ತಂಡದಲ್ಲಿ ಅವರಿದ್ದರು. ಜರ್ಮನಿಯ ವಿಂಗರ್ ಲೆರಾಯ್ ಸಾನೆಗೆ 2019ರ ಆಗಸ್ಟ್‌ನಲ್ಲಿ ಇದೇ ಪೆಟ್ಟಾಯಿತು. ಮರುವರ್ಷ ಚೇತರಿಸಿಕೊಂಡು ಬಯೆರ್ನ್ ಮ್ಯೂನಿಕ್ ಸೇರಿದರು. ಇಬ್ಬರೂ ಓಟವನ್ನೇ ನಂಬಿದವರು. ಇಬ್ಬರೂ ಕಾದರು.

ಕಥೆಯಲ್ಲಿ ನಂಬಬಾರದ್ದು

‘ಬ್ಲೂ ಲಾಕ್’ ಎಲ್ಲವೂ ಮಕ್ಕಳಿಗೆ ಒಪ್ಪುವಂಥದ್ದು ಎನ್ನಲಾಗದು. ಮಾತು ಒರಟು. ಸ್ವಾರ್ಥಿಯಾಗದೆ ದೊಡ್ಡ ಆಟಗಾರನಾಗಲಾರೆ ಎಂಬುದೇ ಅಲ್ಲಿಯ ತರಬೇತುದಾರನ ಪಾಠ. ಒಬ್ಬನು ಗೆಲ್ಲಲು 299 ಮಂದಿ ಸೋಲಬೇಕು. ನಮ್ಮ ಎಸ್‌ಎಸ್‌ಎಲ್‌ಸಿ ರ‍್ಯಾಂಕಿನ ಹುಚ್ಚನ್ನು ಕಂಡವರಿಗೆ ಇದು ಹೊಸದಲ್ಲ. ಮಗು ಈ ಕಥೆ ಓದುತ್ತಿದ್ದರೆ ನಿಲ್ಲಿಸಬೇಕಿಲ್ಲ, ಆದರೆ ಒಂದು ಪ್ರಶ್ನೆ ಕೇಳಬೇಕು: ‘ಉಳಿದ 299 ಮಂದಿ ಮನೆಗೆ ಹೋಗಿ ಏನು ಮಾಡಿದರು?’ ಮಗು ಏನು ಹೇಳುತ್ತದೆಂದು ಕೇಳಿ.

ನಿಜವಾದ ಜಪಾನಿನ ಉತ್ತರವೂ ಕುತೂಹಲಕರ. ಕವೊರು ಮಿತೊಮಾ ಎಂಬ ವಿಂಗರ್ ಕವಾಸಾಕಿ ಫ್ರಾಂತಾಲೆ ಕ್ಲಬ್ಬಿನ ಎಳೆಯರ ತಂಡದಲ್ಲಿ ಬೆಳೆದವರು. ಹದಿನೆಂಟರ ವಯಸ್ಸಿನಲ್ಲಿ ಅದೇ ಕ್ಲಬ್ ವೃತ್ತಿಪರ ಆಟಕ್ಕೆ ಕರೆಯಿತು. ಅವರು ಬೇಡವೆಂದು ತ್ಸುಕುಬಾ ವಿಶ್ವವಿದ್ಯಾಲಯ ಸೇರಿದರು. ದೇಹ, ಮನಸ್ಸು ಎರಡೂ ಇನ್ನೂ ತಯಾರಾಗಬೇಕು ಎಂಬುದು ಅವರ ಎಣಿಕೆ. ಅಲ್ಲಿ ಪ್ರಬಂಧದ ವಿಷಯವಾಗಿ ಚೆಂಡನ್ನು ಎದುರಾಳಿಯ ಮುಂದೆ ಸಾಗಿಸುವ ಕಲೆಯನ್ನೇ ಆರಿಸಿಕೊಂಡರು. ಆಟಗಾರರ ತಲೆಗೆ ಕ್ಯಾಮೆರಾ ಕಟ್ಟಿ, ಒಳ್ಳೆಯ ಆಟಗಾರರ ಕಣ್ಣು ಎಲ್ಲಿರುತ್ತದೆ ಎಂದು ನೋಡಿದರು. ಓದು ಮುಗಿಸಿ 2020ರಲ್ಲಿ ಅದೇ ಕ್ಲಬ್ಬಿಗೆ ಆಡಿದರು, ಮರುವರ್ಷ ಇಂಗ್ಲೆಂಡಿನ ಬ್ರೈಟನ್ ಕ್ಲಬ್ ಅವರನ್ನು ಕೊಂಡಿತು.

2022ರ ಡಿಸೆಂಬರ್ 1ರಂದು, ಕತಾರ್ ವಿಶ್ವಕಪ್‌ನಲ್ಲಿ ಸ್ಪೇನ್ ಎದುರು, ಗೆರೆ ದಾಟುತ್ತಿದ್ದ ಚೆಂಡನ್ನು ಕೊನೆಯ ಗಳಿಗೆಯಲ್ಲಿ ಒಳಕ್ಕೆ ತಿರುಗಿಸಿದ್ದು ಈ ಮಿತೊಮಾ. ಚೆಂಡು ಪೂರ್ತಿ ಹೊರಹೋಗಲು ಎರಡು ಮಿಲಿಮೀಟರ್ ಕೂಡ ಉಳಿದಿರಲಿಲ್ಲ. ಅದನ್ನು ಜತೆಗಾರ ಗೋಲಾಗಿಸಿದ. ಜಪಾನ್ 2–1ರಿಂದ ಗೆದ್ದಿತು. ಕಥೆಯ ಚಿಗಿರಿ ತನಗೆ ತಾನೇ ಚೆಂಡು ಕೊಟ್ಟು ಗೋಲು ಹೊಡೆದ. ನಿಜದ ವಿಂಗರ್ ಇನ್ನೊಬ್ಬನಿಗೆ ಕೊಟ್ಟು ದೇಶವನ್ನು ಗೆಲ್ಲಿಸಿದ. ಮಗುವಿಗೆ ಎರಡನ್ನೂ ಹೇಳಿ, ಯಾವುದು ಇಷ್ಟ ಎಂದು ಅದೇ ತೀರ್ಮಾನಿಸಲಿ. ಓದೋ ಆಟವೋ ಎಂಬ ಜಗಳ ನಿಮ್ಮ ಮನೆಯಲ್ಲಿ ನಡೆಯುತ್ತಿದ್ದರೆ, ಎರಡನ್ನೂ ಹಿಡಿದುಕೊಂಡೇ ವಿಶ್ವಕಪ್‌ವರೆಗೆ ಹೋದವರೊಬ್ಬರಿದ್ದಾರೆ ಎಂಬುದು ಆ ಜಗಳದಲ್ಲಿ ನೆರವಾದೀತು.

ಕನ್ನಡದಲ್ಲಿ ಹೇಳಿಸಿ

ಜಪಾನಿನ ಬಾಲಕರ ಮಾಂಗಾ ಪತ್ರಿಕೆಗಳಲ್ಲಿ ಒಂದು ಪದ್ಧತಿ ಇದೆ. ಜಪಾನಿ ಬರಹದಲ್ಲಿ ಕಾಂಜಿ ಎಂಬ ಕಷ್ಟದ ಚಿತ್ರಾಕ್ಷರಗಳಿವೆ. ಕಲಿತು ಮುಗಿಸಲು ಮಕ್ಕಳಿಗೆ ವರ್ಷಗಟ್ಟಲೆ ಬೇಕು. ಅದಕ್ಕಾಗಿ ಪ್ರತಿ ಕಷ್ಟದ ಅಕ್ಷರದ ಪಕ್ಕದಲ್ಲಿ ಸುಲಭದ ಹಿರಗಾನಾ ಲಿಪಿಯಲ್ಲಿ ಅದರ ಉಚ್ಚಾರವನ್ನು ಚಿಕ್ಕದಾಗಿ ಮುದ್ರಿಸುತ್ತಾರೆ. ಇದಕ್ಕೆ ಫುರಿಗಾನಾ ಎಂದು ಹೆಸರು. ಹೀಗಾಗಿ ಪ್ರಾಥಮಿಕ ಶಾಲೆಯ ಮಗುವೂ ದೊಡ್ಡವರ ನೆರವಿಲ್ಲದೆ ಕಥೆ ಓದುತ್ತದೆ, ಓದುತ್ತ ಓದುತ್ತ ಕಷ್ಟದ ಅಕ್ಷರವನ್ನೂ ಕಲಿಯುತ್ತದೆ. ‘ಹ್ಯೋಮಾ’ ಎಂಬ ಹೆಸರಿನಲ್ಲಿ ಚಿರತೆ, ಕುದುರೆ ಎಂಬ ಎರಡು ಅಕ್ಷರಗಳಿವೆ. ‘ಚಿಗಿರಿ’ಯಲ್ಲಿ ಸಾವಿರ ಮತ್ತು ಕತ್ತರಿಸು ಎಂಬ ಅಕ್ಷರಗಳು, ಎರಡೂ ಕೂಡಿದರೆ ಹರಿಯುವುದು ಎಂಬ ಅರ್ಥ. ಓಡುವುದೂ ಹರಿಯುವುದೂ ಅವನ ಹೆಸರಿನಲ್ಲೇ ಇವೆ. ಜಪಾನಿ ಮಗುವಿಗೆ ಇದು ಓದುವಾಗಲೇ ಕಾಣುತ್ತದೆ.

ನಮ್ಮ ಮಕ್ಕಳು ಈ ಕಥೆಯನ್ನು ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳಲ್ಲಿ ಅರ್ಧ ಹಿಡಿದು, ಉಳಿದದ್ದನ್ನು ಚಿತ್ರದಿಂದ ಊಹಿಸುತ್ತಾರೆ. ಆದ್ದರಿಂದ ಅವರಿಂದ ಕಥೆಯನ್ನು ಕನ್ನಡದಲ್ಲಿ ಹೇಳಿಸಿ. ಊಟ ಬಡಿಸುವಾಗ, ಬಸ್ಸಿಗೆ ಕಾಯುವಾಗ, ‘ಆಮೇಲೆ ಚಿಗಿರಿ ಏನು ಮಾಡಿದ?’ ಎಂದು ಕೇಳಿದರೆ ಸಾಕು. ಅಜ್ಜಿಗೆ ವಿಂಗರ್ ಅಂದರೇನು ಎಂದು ವಿವರಿಸಬೇಕಾದಾಗ ಮಗು ತನ್ನ ಭಾಷೆಯಲ್ಲಿ ಹೊಸ ಮಾತು ಕಟ್ಟುತ್ತದೆ. ಬೇಕಿದ್ದರೆ ನಾಲ್ಕು ಚೌಕ ಎಳೆದು, ತನ್ನದೇ ಊರಿನ ಆಟಗಾರನ ಚಿತ್ರಕಥೆ ಬರೆಯಲಿ, ಮಾತಿನ ಗುಳ್ಳೆಗಳಲ್ಲಿ ಕನ್ನಡ ತುಂಬಲಿ. ಕನ್ನಡ ಮಾಸ್ಟರಿಗೂ ಇದು ಪ್ರಬಂಧಕ್ಕಿಂತ ಓದಲು ಇಷ್ಟವಾದೀತು.

ಆಡುವ ಮುನ್ನ 20 ನಿಮಿಷ

ಕೊನೆಯದಾಗಿ, ಪೆಟ್ಟಾಗುವ ಮುನ್ನವೇ ಮಾಡಬಹುದಾದ ಕೆಲಸ ಒಂದಿದೆ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ವೈದ್ಯಕೀಯ ತಂಡ ‘ಫಿಫಾ 11 ಪ್ಲಸ್’ ಎಂಬ ಮೈಬಿಸಿ ವ್ಯಾಯಾಮಗಳ ಸರಣಿಯನ್ನು ರೂಪಿಸಿದೆ. ಒಟ್ಟು 15 ವ್ಯಾಯಾಮ, ಸುಮಾರು 20 ನಿಮಿಷ. ಮೊದಲು 8 ನಿಮಿಷ ನಿಧಾನ ಓಟ, ನಡುವೆ 10 ನಿಮಿಷ ಬಲ, ಸಮತೋಲ, ಜಿಗಿತ, ಕೊನೆಗೆ 2 ನಿಮಿಷ ವೇಗದ ಓಟ ಮತ್ತು ತಿರುವು. ಚೆಂಡು ಬಿಟ್ಟರೆ ಬೇರೆ ಉಪಕರಣ ಬೇಡ, ದುಡ್ಡು ಬೇಡ. ವಾರಕ್ಕೆ ಎರಡು ಸಲವಾದರೂ ಬಿಡದೆ ಮಾಡಿದ ತಂಡಗಳಲ್ಲಿ ಪೆಟ್ಟುಗಳು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿವೆ. ಹದಿಮೂರರೊಳಗಿನ ಮಕ್ಕಳಿಗೆಂದೇ ಬೇರೆ ಸರಣಿಯೂ ಇದೆ.

ಇದರಲ್ಲಿ ಮುಖ್ಯವಾಗಿ ಕಲಿಸುವುದು ಹಾರಿ ಇಳಿಯುವ ಬಗೆ. ಎರಡೂ ಮಂಡಿ ಮೆತ್ತಗೆ ಮಡಚಬೇಕು, ಮಂಡಿ ಪಾದದ ನೇರಕ್ಕೇ ಇರಬೇಕು, ಒಳಕ್ಕೆ ಬಾಗಬಾರದು. ಕಬಡ್ಡಿ, ಕೊಕ್ಕೊ ಆಡುವವರಿಗೂ ಇದು ಉಪಯೋಗವೇ. ಮುಂದಿನ ಪೋಷಕರ ಸಭೆಯಲ್ಲಿ ನಿಮ್ಮ ಶಾಲೆಯ ಪಿ.ಇ. ಮಾಸ್ಟರನ್ನು ಕೇಳಿ: ಆಟದ ಪಿರಿಯಡ್‌ನ ಮೊದಲ 20 ನಿಮಿಷ ಇದಕ್ಕೆ ಸಿಗಬಹುದೇ? ಆಟ ಶುರುವಾಗುವ ಮುನ್ನ ಮೈದಾನದ ಕಲ್ಲು, ಗುಂಡಿಗಳನ್ನು ನೋಡಿಕೊಳ್ಳಲು ದೊಡ್ಡ ತರಗತಿಯ ಇಬ್ಬರು ಮಕ್ಕಳನ್ನು ನೇಮಿಸಬಹುದೇ?

ಅಷ್ಟಾಗಿಯೂ ಪೆಟ್ಟಾಗಬಹುದು. ಆಟದಲ್ಲಿ ಅದು ಇದ್ದದ್ದೇ. ಹಾಗಾದ ದಿನ ಮಗು ನಿಮ್ಮ ಮುಖ ನೋಡುತ್ತದೆ. ಆಗ ಬೈಗುಳವೂ ಬೇಡ, ಹುರಿದುಂಬಿಸುವಿಕೆಯೂ ಬೇಡ. ಮೊದಲು ಮಂಜುಗಡ್ಡೆ, ಆಮೇಲೆ ವೈದ್ಯರು, ಆಮೇಲೆ ಕ್ಯಾಲೆಂಡರಿನಲ್ಲಿ ಎಣಿಸಿಡಬೇಕಾದ ತಿಂಗಳುಗಳು. ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆಯಾದರೂ ಪಕ್ಕದಲ್ಲಿ ಕುಳಿತು, ಭಯ ಎಷ್ಟಿದೆ ಎಂದು ಕೇಳಿ. ಈ ವಾರ ಕಡಿಮೆಯೋ ಹೆಚ್ಚೋ ಎಂದು ಮಗುವೇ ಹೇಳುತ್ತದೆ.